ಜಗಲಿ ಕಂಬಕ್ಕೆ ಒರಗಿಸಿದ ತುಪಾಕಿ

ಠಾಣೆಯಿಂದ ಫೋನ್ ಬಂದಾಗ ನಾನು ತುಮಕೂರಿನಲ್ಲಿ ಗಾಡಿ ಸರ್ವೀಸಿಗೆ ಬಿಟ್ಟು ಟೀ ಕುಡಿಯುತ್ತಾ ನಿಂತಿದ್ದೆ. "ನಿಮ್ಮ ತಂದೆಯವರ ಬಂದೂಕು ಇಲ್ಲೇ ಉಳಿದುಬಿಟ್ಟಿದೆ ಸಾರ್, ಏನ್ ಮಾಡ್ತೀರಾ ನೋಡಿ" ಅಂದರು. ನನಗೆ ಅದು ಮರೆತೇ ಹೋಗಿತ್ತು. ಚುನಾವಣೆ ಬಂದಾಗಲೆಲ್ಲ ಲೈಸೆನ್ಸ್ ಇರುವವರು ಬಂದೂಕು ತಂದು ಠಾಣೆಗೆ ಕೊಡಬೇಕು, ಎಲ್ಲ ಮುಗಿದ ಮೇಲೆ ವಾಪಸ್ ತರಬೇಕು. ಅಪ್ಪ ಕೊಟ್ಟು ಬಂದಿದ್ದರು. ತರುವ ಹೊತ್ತಿಗೆ ಹಾಸಿಗೆ ಹಿಡಿದಿದ್ದರು. ಆಮೇಲೆ ಅಪ್ಪನೇ ಇರಲಿಲ್ಲ.

ಟೀ ಅಂಗಡಿಯಲ್ಲಿ ಜೊತೆಗಿದ್ದ ಗೆಳೆಯ ಕೇಳಿಸಿಕೊಂಡು, "ಬಿಡಬೇಡ ಕಣೋ, ಹೆಸರು ವರ್ಗ ಮಾಡಿಸ್ಕೋ. ಮನೇಲಿ ಒಂದು ಇದ್ರೆ ಭಯ ಇರುತ್ತೆ" ಅಂದ.

ಯಾರಿಗೆ ಭಯ ಅಂತ ನಾನು ಕೇಳಲಿಲ್ಲ. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸುಮಾರು ಎರಡು ತಿಂಗಳು ಅದನ್ನೇ ಉರುಳಿಸಿಕೊಂಡು ಓಡಾಡಿದ್ದೇನೆ, ಅದಕ್ಕೇ ಈ ಬರಹ.

ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಸಣ್ಣ ಊರು. ಹೊಲ ಮುಗಿದಲ್ಲಿಂದ ಕುರುಚಲು ಗುಡ್ಡ ಶುರುವಾಗುತ್ತೆ. ಕಡ್ಲೆಕಾಯಿ ಬಲಿಯುವ ಹೊತ್ತಿಗೆ, ಯಾರೋ ಹೇಳಿ ಕಳಿಸಿದ ಹಾಗೆ ಹಂದಿ ಇಳಿಯುತ್ತವೆ. ಒಂದು ರಾತ್ರಿಗೆ ಅರ್ಧ ಎಕರೆ ಉತ್ತು ಹೋಗುತ್ತವೆ. ಆ ಕಾರಣಕ್ಕೆ, ಬೆಳೆ ರಕ್ಷಣೆಗೆ ಅಂತ, ಅಪ್ಪ ಎಂಬತ್ತರ ದಶಕದಲ್ಲಿ ಲೈಸೆನ್ಸ್ ಮಾಡಿಸಿದ್ದರು. ಒಂಟಿ ನಳಿಗೆಯದು. ಮುಂದಿನಿಂದ ಮದ್ದು ಸುರಿದು, ಚರೆ ಹಾಕಿ, ಸಲಾಕೆಯಿಂದ ಜಡಿದು, ಹಿಂದೆ ಮದ್ದಿಗೆ ಕಿಡಿ ಹತ್ತಿಸೋ ಕೇಪು ಇಟ್ಟು ಹೊಡೆಯುವಂಥದ್ದು. ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್, ಅಂದರೆ ಸಿಂಗಲ್ ಬ್ಯಾರೆಲ್ ಮಜಲ್ ಲೋಡಿಂಗ್, ಅಂತ ಬರೆದಿತ್ತು. ಹಿಡಿಯ ಹತ್ತಿರ ಮರ ಸೀಳಿದ್ದಕ್ಕೆ ಅಪ್ಪ ತಾಮ್ರದ ತಂತಿ ಬಿಗಿದಿದ್ದರು. ನಡುಮನೆಯಲ್ಲಿ ಕ್ಯಾಲೆಂಡರ್ ಪಕ್ಕ ಎರಡು ಮೊಳೆ, ಅದರ ಮೇಲೆ ಇದು. ಮನೆಗೆ ಬಂದವರೆಲ್ಲ ಮೊದಲು ಅದನ್ನು ನೋಡಿ ಆಮೇಲೆ ಕೂರುತ್ತಿದ್ದರು.

ಇದರ ತಮಾಷೆ ಏನೆಂದರೆ ಹಂದಿ ಓಡಿಸಲು ಲೈಸೆನ್ಸ್ ಕೊಟ್ಟ ಸರ್ಕಾರವೇ ಹಂದಿ ಕೊಲ್ಲಬಾರದು ಅಂತಲೂ ಹೇಳುತ್ತೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕಾಡುಹಂದಿಗೆ ಗುಂಡು ಹೊಡೆದರೆ ಕೇಸು. ಹಾಗಾಗಿ ಅಪ್ಪ ವರ್ಷಕ್ಕೆ ನಾಲ್ಕೈದು ಸಲ ಆಕಾಶಕ್ಕೆ ಹೊಡೆಯುತ್ತಿದ್ದರು. ಢಂ ಅಂದಾಗ ಗುಡ್ಡದಿಂದ ಮಾರ್ದನಿ ಬರುತ್ತಿತ್ತು, ಊರಿನ ನಾಯಿಗಳೆಲ್ಲ ಶುರು ಹಚ್ಚಿಕೊಳ್ಳುತ್ತಿದ್ದವು, ಹಂದಿಗಳು ಒಂದು ಹೊಲ ದಾಟಿ ಪಕ್ಕದವರ ಹೊಲಕ್ಕೆ ಹೋಗುತ್ತಿದ್ದವು. "ನನ್ನ ತುಪಾಕಿ ಒಂದು ಇರುವೆ ಜೀವಾನೂ ತೆಗೆದಿಲ್ಲ" ಅನ್ನೋದು ಅಪ್ಪನ ಹೆಮ್ಮೆ. ಅದು ನಿಜವೂ ಹೌದು. ತುಪಾಕಿ ಅನ್ನೋದು ನಮ್ಮ ಕಡೆ ಮಾತು. ಪಾವಗಡದ ತೆಲುಗು ಗಾಳಿ ಮಧುಗಿರಿವರೆಗೂ ಬೀಸುತ್ತೆ ನೋಡಿ.

ಅಜ್ಜಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. ಆಯುಧಪೂಜೆ ದಿನ ನೇಗಿಲು, ಗುದ್ದಲಿ, ಕುಡುಗೋಲು, ಮಚ್ಚು ಎಲ್ಲ ತೊಳೆದು ಜಗಲಿ ಮೇಲೆ ಸಾಲಾಗಿ ಇಟ್ಟು ವಿಭೂತಿ ಬಳಿಯುತ್ತಿದ್ದರು. ಈಳಿಗೆಮಣೆಗೂ ಒಂದು ಹೂ. ಆಮೇಲೆ ಮೊಪೆಡ್ ಬಂತು, ಅದಕ್ಕೂ ಚೆಂಡುಹೂವಿನ ಹಾರ, ಚಕ್ರಕ್ಕೆ ನಿಂಬೆಹಣ್ಣು, ಬೂದುಗುಂಬಳ ಒಡೆಯೋದು. ಅಪ್ಪ ತುಪಾಕಿ ತಂದು ಸಾಲಿನ ಕೊನೆಗೆ ಇಟ್ಟರೆ ಅಜ್ಜಿಯ ಕೈ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಕುಂಕುಮದ ಬಟ್ಟಲು ಅಪ್ಪನ ಕಡೆ ತಳ್ಳಿ ಎದ್ದು ಹೋಗುತ್ತಿದ್ದರು. "ಅದು ಕೆಲಸ ಮಾಡೋ ಸಾಮಾನಲ್ಲ" ಅನ್ನುತ್ತಿದ್ದರು, ಅಷ್ಟೇ.

ಅಜ್ಜಿಯ ತವರು ಗೌರಿಬಿದನೂರು ಕಡೆ. ವಿದುರಾಶ್ವತ್ಥ ಗೊತ್ತಲ್ಲ, ನಾಗರಕಲ್ಲುಗಳ ಕ್ಷೇತ್ರ, ಪಿನಾಕಿನಿ ದಡದಲ್ಲಿರೋದು. 1938ರ ಏಪ್ರಿಲ್ 25ರಂದು ಅಲ್ಲಿ ಗೋಲಿಬಾರ್ ಆಯಿತು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ನಿಷೇಧ, ಹಾರಿಸಿಯೇ ಹಾರಿಸುತ್ತೇವೆ ಅಂತ ಸಾವಿರಾರು ಜನ ಸೇರಿದ್ದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಅನ್ನುವುದರಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಸ್ಥಳೀಯರು ಮೂವತ್ತಕ್ಕೂ ಜಾಸ್ತಿ ಅನ್ನುತ್ತಾರೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಅಂತ ಕರೆಯುವುದು ಇದನ್ನೇ. ಆಮೇಲೆ ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಪಕ್ಕದಲ್ಲಿ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತಾಯಿತು. ಅಜ್ಜಿಗೆ ಆಗ ಎಂಟು ವರ್ಷ. ಅವರು ಹೇಳುತ್ತಿದ್ದುದು ಒಂದೇ ಮಾತು. "ಬಂದೂಕು ತಂದವರು ಹೆದರಿಸೋಕೇ ತಂದಿದ್ರಂತೆ. ಜನ ಹೆದರಲಿಲ್ಲ. ಇನ್ನೇನು ಮಾಡ್ತಾರೆ, ಹೊಡೆದ್ರು."

ಈ ಮಾತಿನ ತೂಕ ನನಗೆ ಆಗ ಗೊತ್ತಾಗಿರಲಿಲ್ಲ. ಈಗ ನೋಡಿದರೆ ಆಯುಧದ ಚರಿತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಇದೆ ಅನ್ನಿಸುತ್ತೆ. ನಾವು ಕತ್ತಿ ಅಂದ ತಕ್ಷಣ ಕಡಿಯೋದು, ಬಂದೂಕು ಅಂದ ತಕ್ಷಣ ಹೊಡೆಯೋದು ಅಂದುಕೊಳ್ಳುತ್ತೇವೆ. ಆದರೆ ಅವು ಬಾಳಿನ ಬಹುಪಾಲು ಕಳೆಯುವುದು ಒರೆಯಲ್ಲಿ, ಗೋಡೆಯ ಮೇಲೆ, ಸೊಂಟದಲ್ಲಿ. ನಾಲ್ಕು ಜನಕ್ಕೆ ಕಾಣಿಸಿಕೊಂಡು ಇರೋದೇ ಅವುಗಳ ದಿನನಿತ್ಯದ ಕೆಲಸ.

ಮಧುಗಿರಿ ಬೆಟ್ಟವನ್ನೇ ನೋಡಿ. ಪೇಟೆಯಲ್ಲಿ ಎಲ್ಲಿ ನಿಂತರೂ ತಲೆ ಮೇಲೆ ಬಂದ ಹಾಗೆ ಆ ಒಂದೇ ಕಲ್ಲು. ಅದರ ಮೈಮೇಲೆ ಕೋಟೆ ಗೋಡೆಗಳು. ಪಾಳೇಗಾರರು ಕಟ್ಟಿದ್ದು, ಹೈದರಾಲಿ ಗಟ್ಟಿ ಮಾಡಿದ್ದು. ಶಾಲೆಯಿಂದ ಕರೆದುಕೊಂಡು ಹೋದಾಗ ಅರ್ಧ ದಾರಿಯಲ್ಲೇ ನನ್ನ ಕಾಲು ನಡುಗಿ ಕಂಬಿ ಹಿಡಿದು ಕೂತಿದ್ದೆ. ಕೆಳಗೆ ಕುದುರೆ, ಫಿರಂಗಿ ಕಟ್ಟಿಕೊಂಡು ಬಂದು ನಿಂತವನು ಮೇಲೆ ನೋಡಿದರೆ ಏನನ್ನಿಸಿರಬೇಕು? ಎಷ್ಟೋ ಜನ ನೋಡಿಯೇ ಮಾತುಕತೆಗೆ ಕೂತಿರಬಹುದು ಅಂತ ನನ್ನ ಊಹೆ.

ಊರಾಚೆ ನಮ್ಮ ಹೊಲದ ದಾರಿಯಲ್ಲಿ ಒಂದು ವೀರಗಲ್ಲು ಇದೆ. ಅರ್ಧ ಮಣ್ಣಲ್ಲಿ ಹೂತಿದೆ. ಕೆಳಗಿನ ಪಟ್ಟಿಯಲ್ಲಿ ವೀರ ಕತ್ತಿ ಹಿಡಿದು ನಿಂತಿದ್ದಾನೆ, ಪಕ್ಕದಲ್ಲಿ ದನಗಳು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ತುರುಗೋಳು ಅನ್ನುತ್ತಾರಲ್ಲ, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನು. ಈ ಕಲ್ಲನ್ನು ಎಷ್ಟೋ ಸಲ ನೋಡಿದ್ದರೂ ಈಚೆಗೆ ಗಮನಿಸಿದ್ದು ಒಂದಿದೆ. ಮೇಲಿನ ಪಟ್ಟಿಯಲ್ಲಿ ಅವನ ಕೈಯಲ್ಲಿ ಕತ್ತಿ ಇಲ್ಲ. ಸ್ವರ್ಗಕ್ಕೆ ಹೋಗುವಾಗ ಎಲ್ಲೋ ಬಿಟ್ಟಿದ್ದಾನೆ. ಕೆತ್ತಿದವನಿಗೆ ಕೈಮುಗಿಯುವ ಕೈಯಲ್ಲಿ ಕತ್ತಿ ಇಡಲು ಜಾಗ ಸಿಗಲಿಲ್ಲವೋ, ಬೇಕಂತಲೇ ಬಿಟ್ಟನೋ.

ಇನ್ನು ಆ ಕತ್ತಿಯ ಕಬ್ಬಿಣದ ವಿಷಯ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಊರಿನ ಜಂಬ ಬರುತ್ತೆ, ತಡೆದುಕೊಳ್ಳಿ. ಪ್ರಪಂಚಕ್ಕೆಲ್ಲ ಹೆಸರಾದ ಡಮಾಸ್ಕಸ್ ಕತ್ತಿಗಳಿಗೆ ಹೋಗುತ್ತಿದ್ದ ಉಕ್ಕು ದಕ್ಷಿಣ ಭಾರತದ್ದು. ಇಂಗ್ಲಿಷಿನವರು ಅದಕ್ಕೆ ವೂಟ್ಜ್ ಅಂದರು, ಅದು ನಮ್ಮ 'ಉಕ್ಕು' ಅನ್ನೋ ಪದವೇ ಕೆಟ್ಟು ಹಾಗಾದದ್ದು ಅಂತ ಹೇಳುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಓದಿದರು. ವಿದ್ಯುತ್ತಿನ ಫ್ಯಾರಡೆ ಇದ್ದಾನಲ್ಲ, ಅವನೂ ಇದನ್ನು ಮಾಡಲು ಹೋಗಿ ತಲೆ ಕೆಡಿಸಿಕೊಂಡಿದ್ದ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಬುಕಾನನ್ ಅನ್ನುವ ಕಂಪನಿಯ ವೈದ್ಯ ಈ ಸೀಮೆಯಲ್ಲೆಲ್ಲ ತಿರುಗಾಡಿ, ನಮ್ಮ ಮಧುಗಿರಿ ಹತ್ತಿರದ ಚನ್ನರಾಯನದುರ್ಗದ ಕಡೆ ಉಕ್ಕು ಮಾಡುವುದನ್ನು ನೋಡಿ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಎರಡು ಹಸಿರೆಲೆ. ಬಾಯಿ ಮುಚ್ಚಿ, ಒಲೆಯಲ್ಲಿ ಜೋಡಿಸಿ, ತಿದಿ ಒತ್ತೋದು. ಕಡ್ಡಿ, ಎಲೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತೆ. ತಂಗಡಿ ಅಂದರೆ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುತ್ತಲ್ಲ, ನಾವು ಮೇಕೆಗೂ ಹಾಕದ ಗಿಡ, ಅದೇ.

ಅದಕ್ಕಿಂತ ನನಗೆ ಇಷ್ಟವಾದ ಸಂಗತಿ ಇನ್ನೊಂದು. ಆ ಚನ್ನರಾಯನದುರ್ಗದ ಉಕ್ಕಿನಿಂದ ವಾದ್ಯಗಳಿಗೆ ತಂತಿಯನ್ನೂ ಎಳೆಯುತ್ತಿದ್ದರು, ಅದಕ್ಕೆ ದೂರದೂರಿನಿಂದ ಗಿರಾಕಿಗಳಿದ್ದರು. ಒಂದೇ ಒಲೆಯಿಂದ ಹೊರಟ ಉಕ್ಕು ಒಬ್ಬನ ಸೊಂಟಕ್ಕೂ ಹೋಯಿತು, ಇನ್ನೊಬ್ಬನ ಮಡಿಲಿಗೂ ಹೋಯಿತು.

ಈಗ ನಮ್ಮ ಕಡೆ ಮೂಸೆ ಇಲ್ಲ, ಲಾರಿ ಪಟ್ಟಿ ಇದೆ. ಹಳೇ ಲಾರಿಯ ಕಮಾನು ಪಟ್ಟಿ ಗುಜರಿಯಿಂದ ತಂದು, ಕೆಂಪಗೆ ಕಾಯಿಸಿ, ಬಡಿದು ಮಚ್ಚು ಮಾಡುತ್ತಾರೆ. ನಮಗೆ ಗೊತ್ತಿರುವ ಆಚಾರ್ರೊಬ್ಬರು ಸಂತೆ ದಾರಿಯಲ್ಲಿ ಕುಲುಮೆ ಇಟ್ಟುಕೊಂಡಿದ್ದಾರೆ. ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ, ಸುತ್ತಿಗೆ ಮಾತ್ರ ಅದೇ. ಮೊನ್ನೆ ತೆಂಗಿನಕಾಯಿ ಮಚ್ಚು ಹದ ಹಾಕಿಸಲು ಹೋದಾಗ ಹೇಳಿದರು. ಒಬ್ಬ ಹುಡುಗ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದನಂತೆ. ಎರಡೂವರೆ ಅಡಿ ಲಾಂಗು, ಬೆನ್ನಿನ ಮೇಲೆ ಗರಗಸದ ಹಲ್ಲು, ತುದಿ ಕೊಕ್ಕೆ.

"ಯಾತಕ್ಕಪ್ಪಾ ಇದು ಅಂದೆ. ಕಾಯಿ ಕುಯ್ಯೋಕೆ ಅಂದ. ಕಾಯಿ ಕುಯ್ಯೋಕೆ ಬೆನ್ನಿಗೆ ಹಲ್ಯಾಕೆ ಅಂದೆ. ಲುಕ್ಕಿಗೆ ಅಂದ."

"ಮಾಡಿಕೊಟ್ರಾ?"

"ಲುಕ್ಕಿಗೆ ಬೇಕಿದ್ರೆ ತಗಡಲ್ಲಿ ಮಾಡ್ಕೋ ಹೋಗು ಅಂದೆ." ಇಕ್ಕಳದಲ್ಲಿ ನನ್ನ ಮಚ್ಚು ಹಿಡಿದು ನೀರಿಗೆ ಅದ್ದಿದರು. ಚುಂಯ್ ಅಂತು. ತೆಗೆದು ಬೆಳಕಿಗೆ ಹಿಡಿದು, ಬಣ್ಣ ನೋಡಿ, ಮತ್ತೆ ಒಂದು ಗಳಿಗೆ ಅದ್ದಿದರು. ಹದ ಜಾಸ್ತಿಯಾದರೆ ಬಾಯಿ ಮುರಿಯುತ್ತೆ, ಕಮ್ಮಿಯಾದರೆ ಮಡಚಿಕೊಳ್ಳುತ್ತೆ.

ಆ ಹುಡುಗನನ್ನು ಬೈಯುವುದು ಸುಲಭ. ಅವನು ನೋಡಿ ಬೆಳೆದ ಸಿನಿಮಾಗಳಲ್ಲಿ ಇಂಟರ್ವಲ್‌ಗೆ ಮುಂಚೆ ಲಾಂಗು ಎತ್ತದ ಹೀರೋ ಎಷ್ಟು ಜನ? ಈಗ ಲಾಂಗು ಹಿಡಿದು ರೀಲ್ಸ್ ಮಾಡಿದವರನ್ನು ಪೊಲೀಸರು ಹುಡುಕಿ ಹಿಡಿಯುತ್ತಾರೆ. "ಸುಮ್ನೆ ಶೋಕಿಗೆ ಸಾರ್, ಯಾರಿಗೂ ಏನೂ ಮಾಡಿಲ್ಲ" ಅಂತ ಹುಡುಗರು ಅಳುತ್ತಾರೆ. ಕಾನೂನಿನ ಮಾತು ಇಲ್ಲಿ ಚೆನ್ನಾಗಿದೆ. ಕತ್ತಿ, ಬಾಕು, ಭರ್ಜಿ ಥರದ ಹರಿತವಾದವು ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದರೆ ಆಯುಧದ ಲೆಕ್ಕ, ಮನೆಗೆ, ಬೇಸಾಯಕ್ಕೆ ಅಂತ ಮಾಡಿದ್ದನ್ನು ಬಿಟ್ಟು. ಈ 'ಬಿಟ್ಟು' ಅನ್ನುವ ಒಂದು ಪದದ ಮೇಲೆ ನಮ್ಮೂರಿನ ಅಷ್ಟೂ ಮಚ್ಚುಗಳು ನಿಂತಿವೆ. ನನ್ನ ಮಚ್ಚು ತೋಟದಲ್ಲಿದ್ದರೆ ಸಾಮಾನು. ಅದನ್ನೇ ರಾತ್ರಿ ಹನ್ನೊಂದಕ್ಕೆ ಬಾರ್ ಮುಂದೆ ಬೈಕಿನ ಸೀಟಿನ ಕೆಳಗೆ ಇಟ್ಟುಕೊಂಡರೆ ಬೇರೆ ಕಥೆ.

ತೋರಿಸೋ ಶೋಕಿ ಬರೀ ಹುಡುಗರದ್ದಲ್ಲ ಬಿಡಿ. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ ಅಂತ ಒಂದು ಲಂಡನ್ನಿನಲ್ಲಿ ಹರಾಜಾಯಿತು. 1 ಕೋಟಿ 40 ಲಕ್ಷ ಪೌಂಡ್. ಅಷ್ಟು ಕೊಟ್ಟವನು ಅದರಿಂದ ನಿಂಬೆಹಣ್ಣನ್ನೂ ಕುಯ್ಯಲ್ಲ. ಟಿಪ್ಪು, ಹೈದರರ ರಾಕೆಟ್ಟುಗಳದ್ದೂ ಅದೇ ಥರ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿದ್ದು, ಕಿಲೋಮೀಟರು ಗಟ್ಟಲೆ ಹಾರುತ್ತಿತ್ತು, ಗುರಿ ಮಾತ್ರ ಅಷ್ಟಕ್ಕಷ್ಟೆ. ಆದರೆ ಸಾಲುಸಾಲಾಗಿ ಬೆಂಕಿ ಉಗುಳುತ್ತಾ ಬಂದರೆ ಕುದುರೆಗಳು ಬೆದರಿ ಸೈನ್ಯವೇ ಕಲಸುಮೇಲೋಗರ. 1780ರಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಇಂಗ್ಲಿಷರು ಸೋತಾಗ ಇದರ ರುಚಿ ಕಂಡಿದ್ದರು. ಆಮೇಲೆ ಕಾಂಗ್ರೀವ್ ಅನ್ನೋ ಇಂಗ್ಲಿಷಿನವನು ಇದನ್ನೇ ನೋಡಿ ಕಲಿತು ಅವರದೇ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೇ ಬಾವಿ ಕೆದಕಿದಾಗ ಸಾವಿರಕ್ಕೂ ಜಾಸ್ತಿ ರಾಕೆಟ್ ಸಿಕ್ಕವು. ಹಾರದೇ ಉಳಿದವು.

ದೊಡ್ಡ ಮಟ್ಟದಲ್ಲಿ ಹೇಳಬೇಕಂದರೆ ಅಣುಬಾಂಬ್. 1945ರ ಆಗಸ್ಟ್‌ನಲ್ಲಿ ಹಿರೋಶಿಮಾ, ನಾಗಸಾಕಿ. ಅವೆರಡು ಬಿಟ್ಟರೆ ಯುದ್ಧದಲ್ಲಿ ಯಾರೂ ಹಾಕಿಲ್ಲ. ಆದರೂ ಒಂಬತ್ತು ದೇಶಗಳ ಹತ್ತಿರ ಸುಮಾರು 12,000 ಇವೆ, ನಮ್ಮದೂ ಸೇರಿ. 1998ರಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆದಾಗ ನಾನು ಒಂಬತ್ತನೇ ಕ್ಲಾಸಿಗೆ ಹೋಗುವವನು, ಊರಲ್ಲಿ ಪಟಾಕಿ ಹೊಡೆದಿದ್ದೆವು. ಗೋಡೆ ಮೇಲೆ ಒಂದು ಇದ್ದರೆ ಭಯ ಇರುತ್ತೆ ಅನ್ನೋ ನನ್ನ ಗೆಳೆಯನ ಮಾತೇ ಅದು, ಸೂಟು ಹಾಕಿಕೊಂಡು ಬಂದಿದೆ. ಇಷ್ಟು ಹೇಳಿ, ದೇಶಕ್ಕೆ ಆಯುಧವೇ ಬೇಡ ಅನ್ನುವಷ್ಟು ಸಾಧು ನಾನಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತಲ್ಲ, ನಮ್ಮ ಚಿಕ್ಕಪ್ಪನ ಮಗ ಆ ಕಡೆಗೆ ತರಕಾರಿ ಗಾಡಿ ಓಡಿಸುತ್ತಾನೆ. "ನಾನೂ ಡಿಫೆನ್ಸೇ ಕಣಣ್ಣ" ಅನ್ನುತ್ತಾನೆ ಬದನೇಕಾಯಿ ಮೂಟೆ ಇಳಿಸುತ್ತಾ.

ಚಿಕ್ಕಪ್ಪನ ಮಾತು ಬಂತು. ಇಷ್ಟು ಹೊತ್ತೂ ನಾನು ಬೆಟ್ಟ ಸುತ್ತಿ ತಪ್ಪಿಸಿಕೊಳ್ಳುತ್ತಿದ್ದುದು ಇದನ್ನೇ.

ಅದೇ 1998. ಮನೆ ಪಾಲಾಗಿ ಎರಡು ವರ್ಷವಾಗಿತ್ತು. ಅಪ್ಪನಿಗೂ ಚಿಕ್ಕಪ್ಪನಿಗೂ ಒಂದು ಬದುವಿನ ತಕರಾರು. ಬದುವಿನ ಮೇಲೆ ಹುಣಸೇಮರ, ಅದು ಯಾರಿಗೆ ಅನ್ನೋದು. ಸರ್ವೇಯರ್ ಬರುವ ದಿನ ಬೆಳಿಗ್ಗೆ ಅಪ್ಪ ತುಪಾಕಿ ಇಳಿಸಿದರು. ಎಣ್ಣೆ ಬಟ್ಟೆಯಲ್ಲಿ ನಿಧಾನವಾಗಿ ಒರೆಸಿದರು. ಒರೆಸಿದ್ದನ್ನು ವಾಪಸ್ ಮೊಳೆಗೆ ಹಾಕಲಿಲ್ಲ. ಜಗಲಿ ಕಂಬಕ್ಕೆ ಒರಗಿಸಿ, ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು.

ಚಿಕ್ಕಪ್ಪ ಸರ್ವೇಯರ್ ಜೊತೆ ಬಂದರು. ಅಮ್ಮ ಮಜ್ಜಿಗೆ ತಂದರು. ಚಿಕ್ಕಪ್ಪ ಕಂಬದ ಕಡೆ ಒಂದು ಸಲ ನೋಡಿದರು. ಮಜ್ಜಿಗೆ ಮುಟ್ಟಲಿಲ್ಲ, ಕೂರಲಿಲ್ಲ. ಹೊಲಕ್ಕೆ ಹೋದರು, ಸರಪಳಿ ಎಳೆದರು, ಅಪ್ಪ ತೋರಿಸಿದ ಜಾಗದಲ್ಲಿ ಕಲ್ಲು ನೆಟ್ಟರು, ಹುಣಸೇಮರ ನಮಗೆ ಬಂತು. ಯಾರೂ ದನಿ ಎತ್ತಲಿಲ್ಲ. ಸಂಜೆ ಅಪ್ಪ ತುಪಾಕಿಯನ್ನು ಮೊಳೆಗೆ ಹಾಕಿದರು. ಅಜ್ಜಿ ಅವತ್ತು ರಾತ್ರಿ ಊಟಕ್ಕೆ ಏಳಲಿಲ್ಲ.

ಚಿಕ್ಕಪ್ಪ ಮತ್ತೆ ನಮ್ಮ ಜಗಲಿ ಹತ್ತಿದ್ದು 2009ರಲ್ಲಿ, ಅಜ್ಜಿ ತೀರಿಕೊಂಡ ದಿನ. ಹನ್ನೊಂದು ವರ್ಷ. ಇರುವೆ ಜೀವ ತೆಗೆಯದ ತುಪಾಕಿ ಅಂತ ಅಪ್ಪ ಹೇಳುವಾಗಲೆಲ್ಲ ನನಗೆ ಆ ಮಜ್ಜಿಗೆ ಲೋಟ ನೆನಪಾಗುತ್ತಿತ್ತು. ಅಪ್ಪ ಒಳ್ಳೆಯವರೇ. ಆ ಒಂದು ಬೆಳಿಗ್ಗೆ ಬಿಟ್ಟು.

ಹೋದ ತಿಂಗಳು ಠಾಣೆಗೆ ಹೋದೆ. ಕಾನೂನು ಗೊಂದಲದ್ದೇನಲ್ಲ. ಲೈಸೆನ್ಸುದಾರ ಸತ್ತರೆ ವಾರಸುದಾರ ತನ್ನ ಹೆಸರಿಗೆ ಲೈಸೆನ್ಸಿಗೆ ಅರ್ಜಿ ಹಾಕಬಹುದು, ಪೊಲೀಸ್ ವರದಿ ಎಲ್ಲ ಆಗಬೇಕು, ಸಿಕ್ಕರೆ ಐದು ವರ್ಷಕ್ಕೊಮ್ಮೆ ರಿನ್ಯೂವಲ್. ಬೇಡ ಅಂದರೆ ಒಪ್ಪಿಸಿಬಿಡಬಹುದು. ನಾನು ಬೇಡ ಅಂತ ಬರೆದುಕೊಟ್ಟೆ. ಬಂದೂಕನ್ನು ಒಂದು ಸಲ ಹೊರಗೆ ತಂದು ನಂಬರ್ ತಾಳೆ ನೋಡಿದರು. ತಾಮ್ರದ ತಂತಿ ಹಸಿರುಗಟ್ಟಿತ್ತು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, "ಇದನ್ನೆಲ್ಲ ಈಗ ಯಾರ್ ಇಟ್ಕೋತಾರೆ ಬಿಡಿ" ಅಂದರು ರೈಟರ್.

ಬರುವಾಗ ಚಿಕ್ಕಪ್ಪನ ಮನೆ ಮುಂದೆ ಗಾಡಿ ನಿಲ್ಲಿಸಿದೆ. ಹೊರಗೆ ಮಂಚದ ಮೇಲೆ ಕೂತಿದ್ದರು. ಹೇಳಿದೆ.

"ಕೊಟ್ಟುಬಿಟ್ಟಾ?"

"ಹ್ಞೂಂ ಚಿಕ್ಕಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಅವತ್ತು ಅದರಲ್ಲಿ ಏನೂ ಇರಲಿಲ್ಲ, ನಂಗೊತ್ತಿತ್ತು ಕಣೋ. ಕೇಪು ಮುಗಿದು ವರ್ಷ ಆಗಿತ್ತು. ತರೋಕೆ ಯಾವಾಗಲೂ ನಾವಿಬ್ಬರೇ ಜೊತೆಗೆ ಹೋಗ್ತಿದ್ವಿ. ಆ ಸಲ ಹೋಗೇ ಇರಲಿಲ್ಲ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರೇ ಮಾತು ತಿರುಗಿಸಿದರು.

"ಈ ಸಲ ಕಡ್ಲೆಕಾಯಿಗೆ ಹಂದಿ ಬಂದ್ರೆ ಏನ್ ಮಾಡ್ತೀಯಾ?"

"ಸುತ್ತ ಸೀರೆ ಕಟ್ತೀನಿ."

"ನಿಮ್ಮ ಚಿಕ್ಕಮ್ಮನ ಹಳೇವು ಒಂದು ಗಂಟು ಇವೆ ಅಟ್ಟದ ಮೇಲೆ. ಹತ್ತಿ ಇಳಿಸ್ಕೋ, ನನ್ನ ಕೈಲಿ ಆಗಲ್ಲ."